ವಾರ್ಡಿನ ಭಾನುವಾರ: ಮಾರ್ಮನ್ ಸಭಾಜೀವನದ ಅರ್ಧ ಶತಮಾನ

ಲೋಕ ಮಾರ್ಮನ್ನರೆಂದು ಕರೆಯುವ, ತಮ್ಮನ್ನು ತಾವು ಕಡೆಯ ದಿನಗಳ ಸಂತರೆಂದು ಹೇಳಿಕೊಳ್ಳುವ ಕ್ರೈಸ್ತ ಸಮುದಾಯದ ನಿತ್ಯದ ಧಾರ್ಮಿಕ ಜೀವನ ನಿಂತಿರುವುದು 'ವಾರ್ಡ್' ಎಂಬ ಸ್ಥಳೀಯ ಘಟಕದ ಮೇಲೆ. ಸದಸ್ಯರು ದಟ್ಟವಾಗಿರುವ ಯೂಟಾ ರಾಜ್ಯದಲ್ಲಿ ನಾಲ್ಕಾರು ಬೀದಿಗಳನ್ನು, ವಿರಳವಾಗಿರುವ ಕಡೆಗಳಲ್ಲಿ ಇಡೀ ಪಟ್ಟಣವನ್ನೇ ಒಳಗೊಳ್ಳುವ ಈ ಘಟಕಕ್ಕೆ ನಕ್ಷೆಯ ಮೇಲೆ ಎಳೆದ ಗಡಿಯಿರುತ್ತದೆ. ಆ ಗಡಿಯೊಳಗೆ ಮನೆ ಮಾಡಿದವರು ಅದೇ ವಾರ್ಡಿಗೆ ಸೇರಿದವರು, ಬೋಧನೆ ಹಿಡಿಸಲಿಲ್ಲವೆಂದೋ ಒಡನಾಡಿಗಳು ಒಗ್ಗಲಿಲ್ಲವೆಂದೋ ಪಕ್ಕದ ವಾರ್ಡಿಗೆ ಹೆಸರು ಬರೆಸುವ ಪದ್ಧತಿ ಅಲ್ಲಿಲ್ಲ. ವಾರ್ಡಿನ ಮುಖ್ಯಸ್ಥನಾದ ಬಿಷಪ್ ಕ್ಯಾಥೊಲಿಕ್ ಸಭೆಯ ಬಿಷಪ್‌ನಂತೆ ಪೂರ್ಣಾವಧಿಯ ಧರ್ಮಗುರುವಲ್ಲ; ವಾರವಿಡೀ ದಂತವೈದ್ಯನಾಗಿಯೋ ಶಾಲಾ ಮಾಸ್ತರನಾಗಿಯೋ ದುಡಿದು, ಸಂಜೆ ಮತ್ತು ಭಾನುವಾರಗಳನ್ನು ಸಂಬಳವಿಲ್ಲದೆ ಸಭೆಗೆ ಕೊಟ್ಟು, ಸುಮಾರು ಐದು ವರ್ಷಗಳ ನಂತರ ಹೊಣೆ ಇನ್ನೊಬ್ಬನಿಗೆ ವಹಿಸಿ ಮತ್ತೆ ಬೆಂಚಿನಲ್ಲಿ ಕುಳಿತುಕೊಳ್ಳುವ ಗೃಹಸ್ಥ. ಉಳಿದವರಿಗೂ ಒಂದೊಂದು ಕೆಲಸ ತಪ್ಪಿದ್ದಲ್ಲ. ಮಕ್ಕಳ ತರಗತಿ, ಪಿಯಾನೊ, ಲೆಕ್ಕಪತ್ರ, ಕಟ್ಟಡದ ಶುಚಿತ್ವ ಹೀಗೆ ಹಂಚಿಬರುವ ಹೊಣೆಗೆ 'ಕಾಲಿಂಗ್' ಎನ್ನುತ್ತಾರೆ; ಬಿಷಪ್ ಅದನ್ನು ಸಭೆಯ ಮುಂದೆ ಘೋಷಿಸಿದಾಗ ನೆರೆದವರು ಬಲಗೈ ಎತ್ತಿ ಬೆಂಬಲ ಸೂಚಿಸುತ್ತಾರೆ. ತಾವು ಆಯ್ದುಕೊಳ್ಳದ ನೆರೆಹೊರೆಯವರೊಂದಿಗೆ, ತಾವು ಆಯ್ದುಕೊಳ್ಳದ ಕೆಲಸವನ್ನು ಮಾಡುತ್ತ ಬದುಕುವ ಈ ಕ್ರಮವೇ ಮಾರ್ಮನ್ ಜೀವನದ ತಿರುಳು. ಕಳೆದ ಅರ್ಧ ಶತಮಾನದಲ್ಲಿ ವೇಳಾಪಟ್ಟಿಗೆ ಆದ ಬದಲಾವಣೆಗಳನ್ನು ಅಳೆಯಬೇಕಾದದ್ದೂ ಇದರಿಂದಲೇ.

1830ರ ಏಪ್ರಿಲ್ 6ರಂದು ನ್ಯೂಯಾರ್ಕ್ ರಾಜ್ಯದಲ್ಲಿ ಜೋಸೆಫ್ ಸ್ಮಿತ್ ಸ್ಥಾಪಿಸಿದ ಈ ಸಭೆ ಇಲಿನಾಯ್ ರಾಜ್ಯದ ನಾವೂ ಪಟ್ಟಣದಲ್ಲಿ ನೆಲೆಸಿದ್ದಾಗ ವಾರ್ಡ್ ಎಂಬುದು ನಗರಾಡಳಿತದ ವಿಭಾಗವಾಗಿತ್ತು. 1844ರಲ್ಲಿ ಸ್ಮಿತ್ ಉದ್ರಿಕ್ತ ಗುಂಪೊಂದರ ದಾಳಿಗೆ ಬಲಿಯಾದ ಮೇಲೆ, ಬ್ರಿಗಮ್ ಯಂಗ್ ನಾಯಕತ್ವದಲ್ಲಿ ಪಶ್ಚಿಮಕ್ಕೆ ಗುಳೆ ಹೊರಟವರು 1847ರ ಜುಲೈನಲ್ಲಿ ಸಾಲ್ಟ್ ಲೇಕ್ ಕಣಿವೆಯನ್ನು ತಲುಪಿದರು. 1849ರಲ್ಲಿ ಆ ಹೊಸ ಊರನ್ನು 19 ವಾರ್ಡುಗಳಾಗಿ ಭಾಗಿಸಿ ಪ್ರತಿಯೊಂದಕ್ಕೂ ಒಬ್ಬ ಬಿಷಪ್‌ನನ್ನು ನೇಮಿಸಲಾಯಿತು. ಊರಿನ ಬೀದಿಯೂ ಧರ್ಮದ ಸಭೆಯೂ ಒಂದೇ ಗೆರೆಯೊಳಗೆ ಬಂದದ್ದು ಹೀಗೆ.

1980ಕ್ಕಿಂತ ಹಿಂದಿನ ಯೂಟಾವನ್ನು ಕಣ್ಣಾರೆ ಕಂಡವರು ನೆನೆಸಿಕೊಳ್ಳುವ ವಾರ್ಡ್ ಭಾನುವಾರಕ್ಕೆ ಮಾತ್ರ ಸೀಮಿತವಾಗಿರಲಿಲ್ಲ. ಭಾನುವಾರ ಬೆಳಿಗ್ಗೆ ಮೊದಲು ಗಂಡಸರ ಪೌರೋಹಿತ್ಯ ಸಭೆ, ಅದರ ಹಿಂದೆಯೇ ಎಲ್ಲರಿಗೂ ಸಂಡೇ ಸ್ಕೂಲ್, ಮನೆಗೆ ಹೋಗಿ ಊಟ ಮಾಡಿ ಮಕ್ಕಳನ್ನು ಮಲಗಿಸಿ ಎಬ್ಬಿಸಿದ ಮೇಲೆ ಮಧ್ಯಾಹ್ನವೋ ಸಂಜೆಯೋ ಪ್ರಭುಭೋಜನದ ಸಭೆ. ಇಷ್ಟಾದರೆ ಭಾನುವಾರ ಮುಗಿಯುತ್ತಿತ್ತು. ವಾರದ ನಡುವೆ ಒಂದು ಮಧ್ಯಾಹ್ನ ಶಾಲೆ ಬಿಟ್ಟ ಮಕ್ಕಳು ಪುಸ್ತಕದ ಚೀಲದೊಡನೆ ನೇರವಾಗಿ ಸಭಾಗೃಹಕ್ಕೆ ಬರುತ್ತಿದ್ದರು; 1878ರಲ್ಲಿ ಯೂಟಾದ ಫಾರ್ಮಿಂಗ್ಟನ್ ಊರಿನಲ್ಲಿ ಆರೇಲಿಯಾ ರಾಜರ್ಸ್ ಆರಂಭಿಸಿದ ಈ ಮಕ್ಕಳ ಕೂಟಕ್ಕೆ 'ಪ್ರೈಮರಿ' ಎಂದು ಹೆಸರು. ಇನ್ನೊಂದು ದಿನ ಬೆಳಿಗ್ಗೆ ಹೆಂಗಸರ 'ರಿಲೀಫ್ ಸೊಸೈಟಿ' ಸೇರುತ್ತಿತ್ತು. 1842ರಲ್ಲಿ ನಾವೂ ಪಟ್ಟಣದಲ್ಲಿ ಎಮ್ಮಾ ಸ್ಮಿತ್ ಅಧ್ಯಕ್ಷತೆಯಲ್ಲಿ ಹುಟ್ಟಿದ ಈ ಸಂಸ್ಥೆಯ ಹೆಂಗಸರು ಕೌದಿ ಹೊಲಿಯುವ ಚೌಕಟ್ಟಿನ ಸುತ್ತ ಕುಳಿತು, ಯಾರ ಮನೆಯಲ್ಲಿ ಬಾಣಂತನ, ಯಾರ ಮನೆಯಲ್ಲಿ ಕಾಯಿಲೆ ಎಂಬುದನ್ನು ತಿಳಿದುಕೊಂಡು, ಆ ಮನೆಗಳಿಗೆ ಅಡುಗೆ ಯಾರು ಒಯ್ಯಬೇಕೆಂದು ಅಲ್ಲಿಯೇ ಗೊತ್ತುಮಾಡುತ್ತಿದ್ದರು. ಸಾವಾದ ಮನೆಯವರಿಗೆ ಅಂತ್ಯಕ್ರಿಯೆಯ ದಿನದ ಊಟ ಬಡಿಸುವುದೂ ಅವರದೇ ಹೊಣೆ. ಆಲೂಗಡ್ಡೆ, ಚೀಸ್, ಹುಳಿ ಕೆನೆಗಳನ್ನು ಬೆರೆಸಿ ಮೇಲೆ ಪುಡಿಮಾಡಿದ ಕಾರ್ನ್‌ಫ್ಲೇಕ್ಸ್ ಉದುರಿಸಿ ಒಲೆಯಲ್ಲಿ ಬೇಯಿಸಿದ ಖಾದ್ಯಕ್ಕೆ ಅಲ್ಲಿ 'ಶವಸಂಸ್ಕಾರದ ಆಲೂಗಡ್ಡೆ' ಎಂದೇ ಹೆಸರು ನಿಂತಿದೆ.

ಆ ಕಾಲದ ಸಭಾಗೃಹಗಳು ಸದಸ್ಯರ ಕೈಯಿಂದಲೇ ಎದ್ದವು. ಕಟ್ಟಡದ ವೆಚ್ಚದಲ್ಲಿ ಒಂದು ಪಾಲನ್ನು ವಾರ್ಡಿನವರು ತಾವೇ ಹೊಂದಿಸಬೇಕಾಗಿದ್ದರಿಂದ ಹೆಂಗಸರು ಜಾತ್ರೆಯಂತಹ ಮಾರಾಟ ನಡೆಸಿ ಕೌದಿ, ಜಾಮ್, ಬ್ರೆಡ್ ಮಾರುತ್ತಿದ್ದರು. ಗಂಡಸರು ಶನಿವಾರ ಬಂದು ಇಟ್ಟಿಗೆ ಹೊರುತ್ತಿದ್ದರು, ಬಣ್ಣ ಬಳಿಯುತ್ತಿದ್ದರು. ಆದಾಯದ ಹತ್ತರಲ್ಲೊಂದು ಭಾಗವಾದ ದಶಮಾಂಶವನ್ನು ಕೊಟ್ಟ ಮೇಲೂ ವಾರ್ಡಿನ ಖರ್ಚಿಗೆಂದು ಪ್ರತಿ ಕುಟುಂಬ ಬೇರೆ ಹಣ ಕೊಡಬೇಕಿತ್ತು. ಪ್ರಾರ್ಥನಾಲಯದ ಹಿಂಬದಿಗೆ ಮಡಚುವ ಗೋಡೆಯೊಂದಿದ್ದು, ಅದನ್ನು ಸರಿಸಿದರೆ ಬ್ಯಾಸ್ಕೆಟ್‌ಬಾಲ್ ಬುಟ್ಟಿಗಳಿರುವ ದೊಡ್ಡ ಹಾಲ್ ತೆರೆದುಕೊಳ್ಳುತ್ತದೆ; ನಾಟಕ, ಕುಣಿತ, ಮದುವೆಯ ಔತಣ, ಹುಡುಗರ ಆಟ ಎಲ್ಲವೂ ಅಲ್ಲಿಯೇ. ವೇದಿಕೆಯ ಕೆಳಗಿನ ಗೂಡುಗಳಿಂದ ಉದ್ದನೆಯ ಗಾಡಿಗಳನ್ನು ಎಳೆದು, ಅವುಗಳಲ್ಲಿ ಪೇರಿಸಿದ ಲೋಹದ ಮಡಚುವ ಕುರ್ಚಿಗಳನ್ನು ಹಾಕುವ ಮತ್ತೆ ಎತ್ತಿಡುವ ಕೆಲಸದಲ್ಲಿ ಬ್ಯಾಂಕಿನ ಮ್ಯಾನೇಜರನೂ ಲಾರಿ ಚಾಲಕನೂ ಜೊತೆಗೂಡುತ್ತಿದ್ದರು. ಉಪದೇಶಗಳಿಗಿಂತ ಈ ಕುರ್ಚಿ ಎತ್ತುವ ಕೆಲಸವೇ ಜನರನ್ನು ಹೆಚ್ಚು ಬೆಸೆಯಿತೆಂದರೆ ಅತಿಶಯೋಕ್ತಿಯಲ್ಲ.

1980ರ ಮಾರ್ಚ್ ತಿಂಗಳಲ್ಲಿ ಅಮೆರಿಕ ಮತ್ತು ಕೆನಡಾಗಳ ಸಭೆಗಳೆಲ್ಲವನ್ನೂ ಭಾನುವಾರದ ಮೂರು ಗಂಟೆಗಳ ಒಂದೇ ಅವಧಿಗೆ ಕೂಡಿಸಲಾಯಿತು. ಎಪ್ಪತ್ತರ ದಶಕದ ಇಂಧನ ಬಿಕ್ಕಟ್ಟಿನಿಂದ ಪೆಟ್ರೋಲ್ ದುಬಾರಿಯಾಗಿದ್ದುದು, ಯೂಟಾದ ಹೊರಗೆ ಸಭಾಗೃಹಕ್ಕೆ ಬಹುದೂರ ಕಾರು ಓಡಿಸಬೇಕಾದ ಕುಟುಂಬಗಳು ಹೆಚ್ಚಿದ್ದುದು, ಮನೆಯವರು ಒಟ್ಟಿಗೆ ಕಳೆಯುವ ಹೊತ್ತು ಉಳಿಯಬೇಕೆಂಬ ಆಶಯ, ಇವೆಲ್ಲ ಈ ನಿರ್ಧಾರದ ಹಿಂದಿದ್ದವು. 1915ರಲ್ಲಿ ಸೂಚಿತವಾಗಿ 1965ರಲ್ಲಿ ಹೊಸ ಒತ್ತು ಪಡೆದ 'ಕುಟುಂಬದ ಸಂಜೆ', ಅಂದರೆ ತಂದೆತಾಯಿ ಮಕ್ಕಳು ಮನೆಯಲ್ಲೇ ಸೇರಿ ಹಾಡಿ ಪಾಠ ಮಾಡಿ ಆಟವಾಡುವ ಪದ್ಧತಿಗಾಗಿ, ಸೋಮವಾರ ಸಂಜೆ ಯಾವ ಸಭೆಯನ್ನೂ ಇಡಬಾರದೆಂಬ ನಿಯಮ ಅಷ್ಟರಲ್ಲೇ ಬಂದಿತ್ತು. ಎಳೆ ಮಕ್ಕಳ ತಾಯಂದಿರಿಗೆ ಒಂದೇ ದಿನ ಎರಡು ಸಲ ಮಕ್ಕಳನ್ನು ಸಿಂಗರಿಸಿ ಹೊರಡಿಸುವ ಕಷ್ಟ ತಪ್ಪಿತು. ಆದರೆ ಶಾಲೆ ಬಿಟ್ಟು ಬರುವ ಮಕ್ಕಳೊಡನೆ, ಮಾರ್ಮನ್ನರಲ್ಲದ ಅವರ ಗೆಳೆಯರೂ ಪ್ರೈಮರಿಗೆ ಬರುತ್ತಿದ್ದುದು ನಿಂತಿತು. ಕೌದಿಯ ಸುತ್ತಲ ಬೆಳಗು ಭಾನುವಾರದ ಒಂದು ತರಗತಿಯೊಳಗೆ ಅಡಗಿತು. 1990ರಿಂದ ವಾರ್ಡಿನ ಖರ್ಚನ್ನೂ ಕಟ್ಟಡವನ್ನೂ ದಶಮಾಂಶದ ಕೇಂದ್ರ ನಿಧಿಯೇ ನೋಡಿಕೊಳ್ಳುವಂತಾದಾಗ ಬಡ ಕುಟುಂಬಗಳ ಹೊರೆ ಇಳಿದದ್ದು ನ್ಯಾಯವೇ ಆದರೂ, ಹಣ ಕೂಡಿಸುವ ನೆಪದಲ್ಲಿ ಜನ ಕೂಡುತ್ತಿದ್ದ ಸಂದರ್ಭಗಳು ಅದರೊಡನೆ ಹೋದವು. ಕಟ್ಟಡದಲ್ಲೂ ಹೊಸ ಕ್ರಮ ಬಂತು: ಎರಡು ಮೂರು ವಾರ್ಡುಗಳು ಒಂದೇ ಸಭಾಗೃಹವನ್ನು ಹಂಚಿಕೊಂಡು, ಪ್ರತಿ ಜನವರಿಯಲ್ಲಿ ವೇಳೆಯನ್ನು ಅದಲು ಬದಲು ಮಾಡಿಕೊಳ್ಳುತ್ತವೆ, ಮಧ್ಯಾಹ್ನ ಒಂದು ಗಂಟೆಯ ಪಾಳಿ ಬಂದ ವರ್ಷ ಹಸುಳೆಗಳ ನಿದ್ದೆಯ ಹೊತ್ತೂ ಸಭೆಯ ಹೊತ್ತೂ ಒಂದೇ ಆಗಿ ತಂದೆತಾಯಂದಿರು ಪಡಸಾಲೆಯ ಸೋಫಾದಲ್ಲೇ ಸಭೆ ಕಳೆಯುತ್ತಾರೆ.

ಪ್ರಭುಭೋಜನದ ವಿಧಿ ಮಾತ್ರ ಈ ಕಾಲದಲ್ಲಿ ಹೆಚ್ಚು ಬದಲಾಗಲಿಲ್ಲ. ಯೇಸುವಿನ ಬಲಿದಾನವನ್ನು ನೆನೆಯುವ ಈ ವಿಧಿಯಲ್ಲಿ ದ್ರಾಕ್ಷಾರಸದ ಬದಲು ನೀರನ್ನು ಬಳಸುತ್ತಾರೆ. ಬಿಳಿ ಬಟ್ಟೆ ಹಾಸಿದ ಮೇಜಿನ ಹಿಂದೆ ಹದಿನಾರು ಹದಿನೇಳರ ಹುಡುಗರು ನಿಂತು ಅಂಗಡಿಯಿಂದಲೋ ಮನೆಯಿಂದಲೋ ತಂದ ಸಾಮಾನ್ಯ ಬ್ರೆಡ್ಡನ್ನು ಕೈಯಿಂದ ಚಿಕ್ಕ ಚೂರುಗಳಾಗಿ ಮುರಿಯುತ್ತಾರೆ, ಸಭೆ ಹಾಡು ಮುಗಿಸಿದ ಮೇಲೆ ಒಬ್ಬನು ಮಂಡಿಯೂರಿ ನಿಗದಿತ ಪ್ರಾರ್ಥನೆಯನ್ನು ಓದುತ್ತಾನೆ. ಒಂದು ಪದ ತಪ್ಪಿದರೂ ಬಿಷಪ್‌ನ ಸನ್ನೆಯಂತೆ ಮೊದಲಿನಿಂದ ಓದಬೇಕು. ಅನಂತರ ಬಿಳಿ ಅಂಗಿ ತೊಟ್ಟ ಹನ್ನೆರಡರ ಆಸುಪಾಸಿನ ಹುಡುಗರು ಬ್ರೆಡ್ಡಿನ ತಟ್ಟೆಗಳನ್ನೂ, ಬೆರಳಿನ ತುದಿಯಷ್ಟು ಚಿಕ್ಕ ಲೋಟಗಳಲ್ಲಿ ನೀರು ತುಂಬಿದ ತಟ್ಟೆಗಳನ್ನೂ ಸಾಲಿನಿಂದ ಸಾಲಿಗೆ ದಾಟಿಸುತ್ತಾರೆ. ಉಪದೇಶ ಮಾಡುವವರು ವಾರ ಎರಡು ವಾರ ಮುಂಚೆ ವಿಷಯ ಪಡೆದ ಸದಸ್ಯರೇ. ತಿಂಗಳ ಮೊದಲ ಭಾನುವಾರ ಎರಡು ಹೊತ್ತು ಉಪವಾಸವಿದ್ದು, ಉಳಿದ ಊಟದ ಬೆಲೆಯನ್ನು ಬಡವರ ನಿಧಿಗೆ ಕೊಟ್ಟು, ಮನಸ್ಸಾದವರು ಎದ್ದು ಬಂದು ತಮ್ಮ ನಂಬಿಕೆಯ ಸಾಕ್ಷ್ಯ ಹೇಳುತ್ತಾರೆ. ಆ ಕೊಡುಗೆಯನ್ನು ಕೂಡಿಸಲು ಹುಡುಗರು ಲಕೋಟೆ ಹಿಡಿದು ಮನೆಮನೆಗೆ ಹೋಗುತ್ತಿದ್ದ ದೃಶ್ಯ ಯೂಟಾದ ಬೀದಿಗಳಲ್ಲಿ ಸಾಮಾನ್ಯವಾಗಿತ್ತು. ಒಂಟಿ ಮುದುಕಿಯರು ಬಾಗಿಲಲ್ಲಿ ಕಾಯುತ್ತಿದ್ದುದು ಹಣ ಕೊಡುವುದಕ್ಕಿಂತ ಹೆಚ್ಚಾಗಿ ಆ ಹುಡುಗರೊಡನೆ ನಾಲ್ಕು ಮಾತಾಡುವುದಕ್ಕೆ. ಈಗ ಬಹುಮಂದಿ ಆನ್‌ಲೈನ್‌ನಲ್ಲಿ ಪಾವತಿಸುತ್ತಾರೆ.

ಪ್ರವಾಸದಲ್ಲಿದ್ದಾಗಲೂ ಭಾನುವಾರದ ಪ್ರಭುಭೋಜನವನ್ನು ತಪ್ಪಿಸದಿರುವುದು ನಿಷ್ಠಾವಂತ ಕುಟುಂಬಗಳ ರೂಢಿ. ಆದರೆ ಬಿಷಪ್‌ನ ಅನುಮತಿಯಿಲ್ಲದೆ ಪ್ರವಾಸಿ ತಾನಾಗಿಯೇ ಹೋಟೆಲಿನ ಕೋಣೆಯಲ್ಲಿ ಈ ವಿಧಿಯನ್ನು ನಡೆಸುವಂತಿಲ್ಲವಾದ್ದರಿಂದ, ಹೋದ ಊರಿನ ವಾರ್ಡನ್ನು ಹುಡುಕಲೇಬೇಕು. ಸ್ಮಾರ್ಟ್‌ಫೋನ್ ಬರುವ ಮೊದಲು ಹೋಟೆಲಿನ ಟೆಲಿಫೋನ್ ಡೈರೆಕ್ಟರಿಯಲ್ಲಿ ವಿಳಾಸ ನೋಡಿ, ಯಾರೂ ಎತ್ತದ ಫೋನಿಗೆ ಮತ್ತೆ ಮತ್ತೆ ಕರೆಮಾಡಿ, ಕೊನೆಗೆ ಶಿಲುಬೆಯಿಲ್ಲದ ಗೋಪುರವನ್ನು ಕಂಡು ಇದೇ ಇರಬೇಕೆಂದು ಕಾರು ತಿರುಗಿಸುತ್ತಿದ್ದರು. ಪೆಟ್ಟಿಗೆಯ ತಳದಲ್ಲಿ ಒಂದು ಬಿಳಿ ಅಂಗಿ, ಟೈ, ಹೆಣ್ಣುಮಕ್ಕಳಿಗೆ ಒಂದೊಂದು ಒಳ್ಳೆಯ ಉಡುಪು ಇರುತ್ತಿದ್ದವು. ಒಳಹೊಕ್ಕ ಮೇಲೆ ಕಷ್ಟವಿಲ್ಲ. ಅರವತ್ತರ ದಶಕದಿಂದ ಪಾಠಪುಸ್ತಕಗಳನ್ನು ಕೇಂದ್ರದಿಂದ ಏಕರೂಪಗೊಳಿಸಿದ್ದರಿಂದ ಮನೆಯ ವಾರ್ಡಿನಲ್ಲಿ ನಡೆಯುತ್ತಿದ್ದ ಪಾಠವೇ ಅಲ್ಲೂ ನಡೆಯುತ್ತದೆ. ಭಾಷೆ ತಿಳಿಯದಿದ್ದರೂ ಪ್ರಾರ್ಥನೆಯ ಏರಿಳಿತ ಕಿವಿಗೆ ಪರಿಚಿತ. ಪ್ರವಾಸಿಯನ್ನು ತರಗತಿಯಲ್ಲಿ ಎಬ್ಬಿಸಿ ಹೆಸರು, ಊರು ಕೇಳುತ್ತಾರೆ. ಪಿಯಾನೊ ಬಲ್ಲವಳೆಂದು ತಿಳಿದರೆ ಅಂದೇ ಕೂರಿಸುತ್ತಾರೆ, ಹುಡುಗರು ಕಡಿಮೆಯಿರುವ ಚಿಕ್ಕ ಘಟಕದಲ್ಲಿ ಬಂದವರ ಮಗನಿಗೇ ತಟ್ಟೆ ಹಿಡಿಸುತ್ತಾರೆ. ಯೂಟಾದ ಹುಡುಗನಿಗೆ ಸಭೆಯೆಂದರೆ ನೂರಾರು ಜನರಲ್ಲ, ಬಾಡಿಗೆ ಕೋಣೆಯಲ್ಲಿ ಹತ್ತು ಹನ್ನೆರಡು ಮಂದಿಯೂ ಇರಬಹುದೆಂದು ಮೊದಲು ತಿಳಿಯುತ್ತಿದ್ದುದು ಅಲ್ಲಿ. ವಾರವೂ ಎಲ್ಲೆಡೆ ಒಂದೇ ಅಲ್ಲ: ಜೆರುಸಲೇಮಿನಲ್ಲಿ ಯೆಹೂದ್ಯರ ಸಬ್ಬತ್ತಿಗೆ ಹೊಂದಿ ಶನಿವಾರ ಸೇರುತ್ತಾರೆ, ಕೊಲ್ಲಿಯ ಅರಬ್ ದೇಶಗಳಲ್ಲಿ ಬಹುಕಾಲ ಶುಕ್ರವಾರ ಸೇರುತ್ತಿದ್ದರು.

ಭಾರತಕ್ಕೂ ಈ ಕಥೆಯಲ್ಲಿ ಹಳೆಯ ಪಾಲಿದೆ. 1851ರಲ್ಲಿ ಕೋಲ್ಕತ್ತದಲ್ಲಿ ನಾಲ್ಕಾರು ಮಂದಿ ಯುರೋಪಿಯನ್ನರು ದೀಕ್ಷಾಸ್ನಾನ ಪಡೆದು ಕಟ್ಟಿದ ಪುಟ್ಟ ಘಟಕಕ್ಕೆ 'ಅಲೆಮಾರಿಗಳ ಶಾಖೆ' ಎಂಬರ್ಥದ ಹೆಸರಿತ್ತು. 1849ರಲ್ಲಿ ಸಾಲ್ಟ್ ಲೇಕ್ ನಗರದಲ್ಲಿ ಮೊದಲ ಸಂಡೇ ಸ್ಕೂಲ್ ತೆರೆದ ರಿಚರ್ಡ್ ಬ್ಯಾಲಂಟೈನ್, 1853ರಲ್ಲಿ ಮದರಾಸಿಗೆ ಬಂದು ಸುಮಾರು ಒಂದು ವರ್ಷ ಬೋಧಿಸಿ, ಪತ್ರಿಕೆಯೊಂದನ್ನೂ ಅಚ್ಚುಹಾಕಿಸಿ ಮರಳಿದರು; ಐವತ್ತರ ದಶಕ ಮುಗಿಯುವುದರೊಳಗೆ ಆ ಯತ್ನ ನಿಂತುಹೋಯಿತು. ಮಿಷನರಿಗಳ ಕೆಲಸಕ್ಕೆ ಬೆಂಗಳೂರು ಕೇಂದ್ರವಾದದ್ದು 1993ರಲ್ಲಿ. ಇಲ್ಲಿ ಸಭಾಗೃಹ ಮತ್ತು ದೇವಾಲಯಗಳ ವ್ಯತ್ಯಾಸವನ್ನು ಹೇಳಬೇಕು: ಭಾನುವಾರದ ಸಭಾಗೃಹಕ್ಕೆ ಯಾರಾದರೂ ಬರಬಹುದು, ವಿವಾಹವನ್ನು ಶಾಶ್ವತಗೊಳಿಸುವಂತಹ ವಿಧಿಗಳು ನಡೆಯುವ ದೇವಾಲಯ ಭಾನುವಾರ ಮುಚ್ಚಿರುತ್ತದೆ, ಬಿಷಪ್‌ನ ಸಂದರ್ಶನ ಮುಗಿಸಿ ಪರವಾನಗಿ ಪಡೆದವರಿಗೆ ಮಾತ್ರ ಅಲ್ಲಿ ಪ್ರವೇಶ. ದೇಶದಲ್ಲಿ ದೇವಾಲಯವಿಲ್ಲದ ಕಾರಣ ಭಾರತದ ಸದಸ್ಯರು ಸಾಲ ಸೋಲ ಮಾಡಿ ಹಾಂಗ್‌ಕಾಂಗ್‌ಗೆ ಪ್ರಯಾಣ ಮಾಡಬೇಕಾಗುತ್ತಿತ್ತು. ಭಾರತದ ಮೊದಲ ದೇವಾಲಯ ಬೆಂಗಳೂರಿನಲ್ಲಿ ಬರುವುದೆಂದು 2018ರ ಏಪ್ರಿಲ್‌ನಲ್ಲಿ ಘೋಷಣೆಯಾಗಿ, 2020ರ ಡಿಸೆಂಬರ್‌ನಲ್ಲಿ ಭೂಮಿಪೂಜೆಗೆ ಸಮಾನವಾದ ವಿಧಿ ನಡೆಯಿತು.

2018 ಇನ್ನೂ ಹಲವು ಬದಲಾವಣೆಗಳ ವರ್ಷ. ಸಭೆಯ ಆಗಿನ ಅಧ್ಯಕ್ಷ ರಸಲ್ ನೆಲ್ಸನ್ 'ಮಾರ್ಮನ್' ಎಂಬ ಹೆಸರನ್ನು ಬಿಟ್ಟು ಪೂರ್ಣ ಹೆಸರನ್ನೇ ಬಳಸಬೇಕೆಂದರು. ಇಬ್ಬಿಬ್ಬರು ತಿಂಗಳಿಗೊಮ್ಮೆ ಗೊತ್ತಾದ ಮನೆಗಳಿಗೆ ಹೋಗಿ ಪಾಠ ಹೇಳಿ ಬರುತ್ತಿದ್ದ ಕ್ರಮ, ಭೇಟಿಯ ಲೆಕ್ಕವಿಲ್ಲದ 'ಶುಶ್ರೂಷೆ'ಯಾಗಿ ಸಡಿಲವಾಯಿತು. 2019ರ ಜನವರಿಯಿಂದ ಮೂರು ಗಂಟೆಗಳ ಸಭೆ ಎರಡಕ್ಕಿಳಿದು, ಉಳಿದ ಅಧ್ಯಯನ ಮನೆಗೆ ವರ್ಗವಾಯಿತು; ಹುಡುಗರ ಸ್ಕೌಟ್ ದಳಗಳೊಂದಿಗಿದ್ದ ಶತಮಾನದ ನಂಟೂ ಆ ವರ್ಷಾಂತ್ಯಕ್ಕೆ ಕಡಿಯಿತು. ತಿಂಗಳ ಭೇಟಿ ಎಷ್ಟೋ ಸಲ ಕೊನೆಯ ದಿನದ ಕಾಟಾಚಾರವಾಗಿದ್ದುದು ನಿಜ. ಆದರೂ ಕಾಟಾಚಾರಕ್ಕಾದರೂ ತಟ್ಟುತ್ತಿದ್ದ ಬಾಗಿಲು ಈಗ ಯಾರೂ ತಟ್ಟದೆ ಉಳಿಯುವ ಸಾಧ್ಯತೆಯಿದೆ, ಅದನ್ನು ಹಗುರವಾಗಿ ಕಾಣಲಾಗದು.

2020ರ ಮಾರ್ಚ್‌ನಲ್ಲಿ ಕೋವಿಡ್ ಕಾರಣ ಜಗತ್ತಿನಾದ್ಯಂತ ಸಭೆಗಳು ನಿಂತಾಗ, ಮನೆಯಲ್ಲೇ ಪ್ರಭುಭೋಜನ ನಡೆಸಲು ಬಿಷಪ್‌ಗಳು ಅನುಮತಿ ಕೊಟ್ಟರು. ಪೌರೋಹಿತ್ಯ ಪಡೆದ ಗಂಡನೋ ಮಗನೋ ಇರುವ ಮನೆಗಳಲ್ಲಿ ಊಟದ ಮೇಜಿನ ಮೇಲೆ ಬ್ರೆಡ್ ಮುರಿಯಲಾಯಿತು. ಪೌರೋಹಿತ್ಯ ಗಂಡಸರಿಗೆ ಮಾತ್ರ ಇರುವುದರಿಂದ ವಿಧವೆಯರು, ಒಂಟಿ ಹೆಂಗಸರು ಯಾರಾದರೂ ಬಂದಾರೆಂದು ಕಾಯಬೇಕಾಯಿತು, ಹಲವರು ತಿಂಗಳುಗಟ್ಟಲೆ ಅದಿಲ್ಲದೆ ಕಳೆದರು. ಮನೆಯನ್ನೇ ಕೇಂದ್ರವಾಗಿಸುವ ಯಾವ ಯೋಜನೆಯೂ ಮೊದಲು ಯೋಚಿಸಬೇಕಾದದ್ದು ಈ ಮನೆಗಳನ್ನು. ಸಭೆಗಳು ಮತ್ತೆ ಸೇರಿದ ಮೇಲೂ ಅನೇಕ ವಾರ್ಡುಗಳಲ್ಲಿ ಅಂತರ್ಜಾಲದ ಪ್ರಸಾರ ಉಳಿದು, ದೂರದ ಊರಿನ ಹೋಟೆಲಿನಲ್ಲಿರುವ ಪ್ರವಾಸಿಯೂ ತನ್ನದೇ ವಾರ್ಡಿನ ಹಾಡು, ಉಪದೇಶಗಳನ್ನು ಕೇಳುವಂತಾಗಿದೆ. ಆದರೆ ಬ್ರೆಡ್ಡು ನೀರುಗಳ ವಿಧಿಯನ್ನು ಪ್ರಸಾರದಿಂದ ಹೊರಗಿಡುತ್ತಾರೆ. ಹೀಗಾಗಿ ಅದು ಬೇಕೆನ್ನುವ ಪ್ರವಾಸಿ ಇಂದಿಗೂ ಹತ್ತಿರದ ಸಭಾಗೃಹದ ವೇಳೆಯನ್ನು ಫೋನಿನಲ್ಲಿ ನೋಡಿಕೊಂಡು, ಗುರುತಿಲ್ಲದವರ ಸಾಲಿನಲ್ಲಿ ಹೋಗಿ ಕೂರುತ್ತಾನೆ.