ನೆಲ ಡೊಂಕು
ನನ್ನ ಹಳೇ ಸಿವಿಕ್‌ಗೆ ಯಾವ ಟೈರು ಹಾಕಿಸೋದು ಅಂತ ತಿಂಗಳಿಂದ ತಲೆ ಕೆಡಿಸ್ಕೊಂಡಿದ್ದೆ. ಇಲ್ಲಿ ಅಮೆರಿಕದ ಎಸ್‌ಸಿಸಿಎ ಆಟೋಕ್ರಾಸ್‌ನ ಸ್ಟ್ರೀಟ್ ವರ್ಗಕ್ಕೆ ಟ್ರೆಡ್‌ವೇರ್ ಅಂಕಿ ಕನಿಷ್ಠ 200 ಇರ್ಬೇಕು. ಅಂಕಿ ಇಳಿದಷ್ಟೂ ಸಾಮಾನ್ಯವಾಗಿ ಹಿಡಿತ ಜಾಸ್ತಿ, ಆಯಸ್ಸು ಕಮ್ಮಿ.

ಗೆಳೆಯರೆಲ್ಲ "200ರದ್ದೇ ತಗೋ" ಅಂದ್ರು. ಆದ್ರೆ ಇದೇ ಕಾರಲ್ಲಿ ಚಳಿಗಾಲದಲ್ಲಿ ಮಗಳನ್ನ ಸ್ಕೂಲಿಗೆ ಬಿಡ್ಬೇಕಲ್ಲ... ಆ ಥರದ ಸಮ್ಮರ್ ಟೈರು ಸುಮಾರು 7 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗಿ ಹಿಡಿತ ಕಳ್ಕೊಳ್ಳುತ್ತೆ.

ಮೊನ್ನೆ ಭಾನುವಾರ ಹಳೇ ಆಲ್-ಸೀಸನ್ ಟೈರಿನ ಅಂಚಿಗೇ ಸೀಮೆಸುಣ್ಣ ಬಳಿದು ಓಡಿಸ್ದೆ. ಸುಣ್ಣ ಪಕ್ಕದವರೆಗೂ ಅಳಿಸಿಹೋಗಿತ್ತು, ಅಂದ್ರೆ ಗಾಳಿ ಸಾಲದು. ಗಾಳಿ ತುಂಬಿಸಿದ್ಮೇಲೆ ಒಂದು ಸೆಕೆಂಡು ಉಳೀತು!

ಅದೇ ಖುಷೀಲಿ ಎರಡು ಕೋನ್ ಬೀಳಿಸ್ದೆ. ಒಂದೊಂದಕ್ಕೆ 2 ಸೆಕೆಂಡು ದಂಡ :( ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ. ಈ ವರ್ಷ ಹಳೇ ಟೈರಲ್ಲೇ ಕುಣಿಯೋದು ಕಲೀತೀನಿ. ನೀವೇನಂತೀರಾ?