ಕಟ್ಟುವವರಿಗೂ ಕಲಿಕೆ ಬೇಕು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಹಿರಿಯರು ಹೇಳಿದ್ದಾರೆ. ಕೊಡಗಿನಲ್ಲಿ ನೆಲೆಸಿರುವ ನಮಗೆ ಇದರೊಡನೆ ಇನ್ನೊಂದು ಮಾತನ್ನೂ ಸೇರಿಸಬೇಕೆನಿಸುತ್ತದೆ: ಕಟ್ಟಿದ ಮನೆಯಲ್ಲಿ ಒಂದು ಮಳೆಗಾಲ ಕಳೆದು ನೋಡು. ಬಯಲುಸೀಮೆಯಲ್ಲಿ ಮನೆಯ ಗುಣದೋಷಗಳು ತಿಳಿಯಲು ವರ್ಷಗಳೇ ಬೇಕಾಗಬಹುದು. ನಾಪೋಕ್ಲುವಿನಲ್ಲಿ ಆಷಾಢ, ಶ್ರಾವಣಗಳೆರಡೇ ಸಾಕು.

2018ರ ಆಗಸ್ಟ್ ತಿಂಗಳನ್ನು ಕೊಡಗಿನವರಾರೂ ಮರೆಯಲಾರರು. ಮಕ್ಕಂದೂರು, ಮದೆನಾಡು, ಜೋಡುಪಾಲ ಮೊದಲಾದೆಡೆ ಗುಡ್ಡಗಳು ಜರಿದು ಮನೆ, ತೋಟ, ರಸ್ತೆಗಳು ಕೊಚ್ಚಿಹೋದವು. ಮರುವರ್ಷ ಕಾವೇರಿ ಉಕ್ಕಿ ನಮ್ಮ ನಾಪೋಕ್ಲು ಸುತ್ತಿನ ತಗ್ಗು ಪ್ರದೇಶಗಳಿಗೆ ನುಗ್ಗಿದಳು. 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಬ್ರಹ್ಮಗಿರಿ ಕುಸಿದು ಅರ್ಚಕರ ಮನೆಯೇ ಮಣ್ಣಿನಡಿ ಸೇರಿತು. 2018ರ ಕುಸಿತಗಳನ್ನು ಪರಿಶೀಲಿಸಿದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯ ತಜ್ಞರು, ಅತಿವೃಷ್ಟಿಯೊಂದೇ ಅಲ್ಲ, ರಸ್ತೆಗೂ ಮನೆಗೂ ಇಳಿಜಾರುಗಳನ್ನು ಮನಬಂದಂತೆ ಕಡಿದುದೂ ಕಾರಣವೆಂದು ತಿಳಿಸಿದರು. ಅಂದಮೇಲೆ ದೋಷವೆಲ್ಲವನ್ನೂ ಮಳೆಯ ಮೇಲೆ ಹೊರಿಸುವಂತಿಲ್ಲ.

ಪದವಿ ಕೈಗೆ ಬಂದೊಡನೆ ಎಂಜಿನಿಯರರ ಓದು ಮುಗಿಯಿತೆಂಬ ಭಾವನೆ ನಮ್ಮ ಸಮಾಜದಲ್ಲಿದೆ. ಹೊಸ ಔಷಧಿಗಳ ಅರಿವಿಲ್ಲದ ವೈದ್ಯರ ಬಳಿಗೆ ಹೋಗಲು ನಾವು ಹಿಂಜರಿಯುತ್ತೇವೆ. ಆದರೆ ಮೂರು ತಲೆಮಾರು ಬಾಳಬೇಕಾದ ಮನೆಯನ್ನು ವಹಿಸಿಕೊಡುವಾಗ, ಈಚೆಗೆ ಅವರು ಹೊಸದಾಗಿ ಏನು ಕಲಿತಿದ್ದಾರೆಂದು ಕೇಳುವುದಿಲ್ಲ. ಸಿಮೆಂಟ್ ಬದಲಾಗಿದೆ, ಹೊಳೆಯ ಮರಳಿನ ಜಾಗಕ್ಕೆ ಕಲ್ಲು ಪುಡಿಮಾಡಿದ ಎಂ-ಸ್ಯಾಂಡ್ ಬಂದಿದೆ, ಮಳೆಯ ರೀತಿಯೂ ಮೊದಲಿನಂತಿಲ್ಲ.

ಕೆಲವು ವರ್ಷಗಳ ಹಿಂದೆ ನಾವು ಇಲ್ಲಿ ಮನೆ ಕಟ್ಟಿಸಲು ಹೊರಟೆವು. ಬರೆ ಕಡಿದು ನೆಲ ಸಮತಟ್ಟು ಮಾಡಿದರೆ ಕಾರು ನಿಲ್ಲಿಸಲು ಅಂಗಳವಾಗುತ್ತದೆಂಬುದು ಮಗನ ಆಸೆ. ಇಳಿಜಾರಿನ ಕಟ್ಟಡಗಳ ಬಗ್ಗೆ ತರಬೇತಿ ಪಡೆದು ಬಂದಿದ್ದ ತರುಣ ಎಂಜಿನಿಯರರು ಒಪ್ಪಲಿಲ್ಲ. “ಬರೆ ಕಡಿಯುವುದು ಜೆಸಿಬಿಗೆ ಒಂದು ದಿನದ ಕೆಲಸ ಸಾರ್, ಅದನ್ನು ಕಾಯುವುದು ನಿಮಗೆ ಜೀವನಪೂರ್ತಿ ಕೆಲಸ” ಎಂದರು. ನೀರು ಕುಡಿದ ಮಣ್ಣು ಭಾರವಾಗಿ ತಡೆಗೋಡೆಯನ್ನು ಹೇಗೆ ನೂಕುತ್ತದೆ, ಗೋಡೆಯ ಹಿಂದೆ ಜಲ್ಲಿ ತುಂಬಿ ನಡುನಡುವೆ ಕೊಳವೆ ಇಟ್ಟು ನೀರನ್ನು ಹೊರಬಿಡದಿದ್ದರೆ ಅದು ಹೇಗೆ ಅಣೆಕಟ್ಟಾಗುತ್ತದೆ ಎಂಬುದನ್ನು ಚಿತ್ರ ಬರೆದು ತೋರಿಸಿದರು. ಕೊನೆಗೆ ನೆಲದ ಏರಿಳಿತಕ್ಕೆ ತಕ್ಕಂತೆ ಎರಡು ಮಟ್ಟದಲ್ಲಿ ಮನೆ ಎದ್ದಿತು. ಕಾರು ಇಂದಿಗೂ ರಸ್ತೆಯ ಬದಿಯಲ್ಲೇ ನಿಲ್ಲುತ್ತದೆ.

ನಮ್ಮ ಮೇಸ್ತ್ರಿಗಳು ಮೂವತ್ತು ವರ್ಷ ಗಾರೆ ಕೆಲಸ ಮಾಡಿದವರು. ಕಾಂಕ್ರೀಟಿಗೆ ಏಳು ದಿನ ನೀರು ಹಾಕಿದರಾಯಿತೆಂಬುದು ಅವರ ರೂಢಿ. ತರುಣರು ಸಿಮೆಂಟ್ ಚೀಲದ ಮೇಲಿನ ಅಕ್ಷರಗಳನ್ನು ಓದಿ ಹೇಳಿದರು: ಇದು ಹಾರುಬೂದಿ ಬೆರೆತ ಪೋಜಲಾನ ಸಿಮೆಂಟ್, 2000ದ ಭಾರತೀಯ ಮಾನಕ 456ರಂತೆ ಸಾಮಾನ್ಯ ಸಿಮೆಂಟಿಗೆ ಕನಿಷ್ಠ 7 ದಿನವಾದರೆ, ಮಿಶ್ರ ಸಿಮೆಂಟಿಗೆ ಕನಿಷ್ಠ 10 ದಿನ ತೇವವಿರಬೇಕು. “ಇಷ್ಟು ದಿನ ಇದನ್ನು ಯಾರೂ ಓದಿ ಹೇಳಿರಲಿಲ್ಲ” ಎಂದು ಮೇಸ್ತ್ರಿಗಳು ಹತ್ತೂ ದಿನ ನೀರು ಹಾಕಿಸಿದರು. ಅವರೂ ಸುಮ್ಮನಿರಲಿಲ್ಲ. ನಿವೇಶನದ ಒಂದು ಮೂಲೆಯನ್ನು ತೋರಿಸಿ, ಜುಲೈಯಲ್ಲಿ ಇಲ್ಲಿ ಒರತೆ ಏಳುತ್ತದೆ, ಪಾಯ ತೆಗೆಯಬೇಡಿ ಎಂದರು. ನಕ್ಷೆಯಲ್ಲಿ ಅಡುಗೆಮನೆ ಅಲ್ಲಿಂದ ಸರಿಯಿತು. ಆ ವರ್ಷವೇ ಒರತೆ ಎದ್ದಿತು. ಹಿರಿಯರು ಕಿರಿಯರಿಂದ, ಕಿರಿಯರು ಹಿರಿಯರಿಂದ ಕಲಿತುದನ್ನು ಕಣ್ಣಾರೆ ಕಂಡು ನಮ್ಮ ಮನಸ್ಸು ತುಂಬಿತು.

ನಾಪೋಕ್ಲುವಿಗೆ ಸಮೀಪದ ಕಕ್ಕಬ್ಬೆಯ ಬಳಿ, ತಡಿಯಂಡಮೋಳ್ ಬೆಟ್ಟದ ಬುಡದಲ್ಲಿ ನಾಲ್ಕುನಾಡು ಅರಮನೆಯಿದೆ. ಲಿಂಗಾಯತರಾಗಿದ್ದ ಹಾಲೇರಿ ಅರಸರ ಪೈಕಿ ದೊಡ್ಡವೀರರಾಜೇಂದ್ರನು 1792ರ ಸುಮಾರಿನಲ್ಲಿ ಕಟ್ಟಿಸಿದ ಆ ಹೆಂಚಿನ ಮನೆ ಇನ್ನೂರಕ್ಕೂ ಹೆಚ್ಚು ಮಳೆಗಾಲಗಳನ್ನು ಕಂಡಿದೆ. ಗದ್ದೆಯ ಮೇಲಿನ ದಿಬ್ಬಗಳಲ್ಲಿ ನಿಂತ ಕೊಡವರ ಐನ್‌ಮನೆಗಳೂ ಹಾಗೆಯೇ. ನೆಲವನ್ನೂ ನೀರನ್ನೂ ಅರಿಯದೆ ಅಂಥ ಮನೆಗಳನ್ನು ಕಟ್ಟಲಾಗದು.

ಈ ಅರಿವು ಎಲ್ಲರಿಗೂ ದೊರೆಯಬೇಕಾದರೆ ತರಬೇತಿಗಳು ನಗರದ ಹೋಟೆಲುಗಳಲ್ಲಿ ಇಂಗ್ಲಿಷಿನಲ್ಲಿ ನಡೆದರೆ ಸಾಲದು. ಪೊನ್ನಂಪೇಟೆ, ಕುಶಾಲನಗರಗಳಲ್ಲಿ ಎಂಜಿನಿಯರಿಂಗ್ ಕಾಲೇಜುಗಳಿವೆ. ಮಳೆಗಾಲ ಕಳೆದ ಮೇಲೆ ಅಲ್ಲಿ ಎರಡು ದಿನ ಕನ್ನಡದಲ್ಲಿ ಪಾಠ ನಡೆದರೆ, ದಿನಗೂಲಿ ನಷ್ಟವಾಗದಂತೆ ಮೇಸ್ತ್ರಿಗಳನ್ನೂ ಕರೆದರೆ ಎಷ್ಟು ಚೆನ್ನ! ಆ ಎರಡು ದಿನದ ಕೂಲಿಯನ್ನು ಮನೆ ಕಟ್ಟಿಸುವ ನಾವೇ ಕೊಟ್ಟರೂ ಅದು ಒಂದು ಬಾಗಿಲಿನ ಬೆಲೆಯಾಗದು. ಕಾಯಕವನ್ನು ಪೂಜೆಯೆಂದು ನಂಬಿದ ಮನೆತನಗಳಿಗೆ ಇದು ಹೊರೆಯಲ್ಲವೆಂದು ನಮ್ಮ ಭಾವನೆ.