ಬೆಡ್ ನೋಡಿ ಲೇತ್ ಕೊಳ್ಳಿ

ಹಳೆಯ ಲೇತ್ ಕೊಳ್ಳಲು ಹೊರಟವರು ಬಣ್ಣವನ್ನು ನೋಡಬಾರದು. ಪೀಣ್ಯದಲ್ಲಿ ಸೆಕೆಂಡ್ ಹ್ಯಾಂಡ್ ಮಷೀನು ಮಾರುವ ಶೆಡ್ಡುಗಳಿಗೆ ಹೋದರೆ ಸಾಲಾಗಿ ನಿಂತ ಲೇತುಗಳಿಗೆಲ್ಲ ಹೊಸದಾಗಿ ಹಸಿರು ಬಳಿದಿರುತ್ತಾರೆ, ಹ್ಯಾಂಡಲ್ಲುಗಳನ್ನು ಉಜ್ಜಿ ಹೊಳೆಸಿರುತ್ತಾರೆ. ಆ ಹಸಿರಿನ ಕೆಳಗೆ ಮೂವತ್ತು ನಲವತ್ತು ವರ್ಷಗಳ ದುಡಿಮೆ ಇರುತ್ತದೆ. ಅದರ ಲೆಕ್ಕ ಸಿಗುವುದು ಬೆಡ್ಡಿನಲ್ಲಿ, ಅಂದರೆ ಟೂಲು ಹೊತ್ತ ಕ್ಯಾರೇಜು ಜಾರುವ ಉದ್ದನೆಯ ಎರಕದ ಹಾಸಿನಲ್ಲಿ. ಕಡಿಯುವ ತುಂಡನ್ನು ಹಿಡಿಯುವ ಚಕ್ಕು, ಟೂಲ್ ಪೋಸ್ಟು, ಮೋಟಾರು ಹಾಳಾದರೆ ಬೇರೆ ಹಾಕಬಹುದು, ಬೇರಿಂಗನ್ನೂ ಬದಲಿಸಬಹುದು. ಬೆಡ್ ಸವೆದಿದ್ದರೆ ಅದನ್ನು ದೊಡ್ಡ ಗ್ರೈಂಡಿಂಗ್ ಮಷೀನಿಗೆ ಹೊತ್ತೊಯ್ಯಬೇಕು, ಆ ಖರ್ಚಿನಲ್ಲಿ ಇನ್ನೊಂದು ಲೇತೇ ಬಂದೀತು.

ನನ್ನ ಜೊತೆ ಲೇತ್ ನೋಡಲು ಬಂದಿದ್ದ ಹಿರಿಯರೊಬ್ಬರು ಸರ್ಕಾರಿ ಕಾರ್ಖಾನೆಯಲ್ಲಿ ಟರ್ನರ್ ಆಗಿದ್ದು ನಿವೃತ್ತರಾದವರು. ಅಂಗಡಿಯವನು ಮೋಟಾರ್ ಹಾಕಿ ತೋರಿಸಲು ಹೋದ. ಅವರು ಕೈ ಅಡ್ಡ ಹಿಡಿದು, "ಇರಪ್ಪ, ಮೋಟಾರ್ ಆಮೇಲೆ. ಮೊದಲು ಕ್ಯಾರೇಜನ್ನ ಚಕ್ ಹತ್ರ ತಗೊಂಡು ಬಾ" ಅಂದರು. ಅದನ್ನು ಅಲ್ಲಿ ಕೊಂಚ ಬಿಗಿಯಾಗುವ ಹಾಗೆ ಲಾಕ್ ತಿರುಗಿಸಿ, ಕೈಚಕ್ರ ಹಿಡಿದು ನಿಧಾನವಾಗಿ ಇನ್ನೊಂದು ತುದಿಯ ಟೇಲ್‌ಸ್ಟಾಕ್ ಕಡೆಗೆ ಒಯ್ದರು. ಅರ್ಧ ದಾರಿ ದಾಟುವಷ್ಟರಲ್ಲಿ ಕ್ಯಾರೇಜು ಕಚ್ಚಿಕೊಂಡು ನಿಂತಿತು. "ನೋಡಿದ್ರಾ? ಕೆಲಸವೆಲ್ಲ ಚಕ್ ಪಕ್ಕದಲ್ಲೇ ನಡೆಯೋದು. ಅಲ್ಲಿ ಸವೆದಿದೆ, ಆ ಕಡೆ ಹೊಸದಾಗೇ ಇದೆ. ಇದು ಬೇಡ ಸಾರ್." ನಾವು ಮುಂದಿನ ಶೆಡ್ಡಿಗೆ ಹೋದೆವು. ಈ ಪರೀಕ್ಷೆಗೆ ಯಾವ ಉಪಕರಣವೂ ಬೇಡ, ಕರೆಂಟೂ ಬೇಡ. ಹಳೆಯ ಲೇತ್ ಕೊಳ್ಳುವ ಪ್ರತಿಯೊಬ್ಬರಿಗೂ ಇದು ಗೊತ್ತಿರಬೇಕು ಎಂದು ಇಲ್ಲಿ ಬರೆಯುತ್ತಿದ್ದೇನೆ.

ಎರಡನೆಯದಾಗಿ ನೋಡಬೇಕಾದದ್ದು ಚಕ್ಕನ್ನು ತಿರುಗಿಸುವ ಸ್ಪಿಂಡಲ್. ಚಕ್ಕಿಗೆ ಒಂದು ದಪ್ಪ ಸಲಾಕೆ ಕಚ್ಚಿಸಿ, ಸ್ಪಿಂಡಲ್ಲಿನ ಮೂತಿಗೆ ಡಯಲ್ ಗೇಜ್ ತಾಗಿಸಿಟ್ಟು, ಸಲಾಕೆಯನ್ನು ಮೇಲಕ್ಕೆತ್ತಬೇಕು. ಮುಳ್ಳು ಎಷ್ಟು ಸರಿಯುತ್ತದೋ ಅಷ್ಟು ಬೇರಿಂಗಿನಲ್ಲಿ ಪ್ಲೇ ಇದೆ. ಟೂಲನ್ನು ಅಡ್ಡಕ್ಕೆ ಸರಿಸುವ ಕ್ರಾಸ್ ಸ್ಲೈಡಿನ ಸ್ಕ್ರೂನಲ್ಲಿ ಕಾಲು ಸುತ್ತು ಸಡಿಲವಿದ್ದರೆ ಗಾಬರಿಯಾಗಬೇಕಿಲ್ಲ. ಯಾವಾಗಲೂ ಒಂದೇ ದಿಕ್ಕಿನಿಂದ ತಿರುಗಿಸಿ ಅಳತೆಗೆ ಬಂದರೆ ಆ ಸಡಿಲ ಕೆಲಸದಲ್ಲಿ ಕಾಣಿಸುವುದಿಲ್ಲ.

ಮನೆಯ ಮೇಜಿನ ಮೇಲೆ ಕೂರುವ ನಲವತ್ತು ಐವತ್ತು ಕಿಲೋದ ಪುಟ್ಟ ಲೇತುಗಳೂ ಈಗ ಸಿಗುತ್ತವೆ. ಗಡಿಯಾರದ ಭಾಗ, ಪೆನ್ನು, ಆಟಿಕೆ ಎಂಜಿನ್ನಿನ ಹಿತ್ತಾಳೆ ಕೆಲಸಕ್ಕೆ ಅವು ಸಾಕು. ಸ್ಥಳವಿಲ್ಲದವರಿಗೆ ಬೇರೆ ದಾರಿಯೂ ಇಲ್ಲ. ಆದರೆ ಕಬ್ಬಿಣವನ್ನು ಕಡಿಯುವುದು ಕಬ್ಬಿಣದ ತೂಕವೇ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಬೀಡುಕಬ್ಬಿಣಕ್ಕೆ ಅದುರುವಿಕೆಯನ್ನು ನುಂಗಿಕೊಳ್ಳುವ ಗುಣವಿದೆ. ಮಷೀನಿನ ಬೆಡ್ಡುಗಳನ್ನು ಅದರಲ್ಲಿ ಎರಕ ಹೊಯ್ಯುವುದಕ್ಕೆ ಅದೂ ಒಂದು ಕಾರಣ. ಹಗುರ ಮಷೀನಿನಲ್ಲಿ ಟೂಲು ಸ್ವಲ್ಪ ಆಳಕ್ಕೆ ಹೋದರೆ ಸಾಕು, ಇಡೀ ಮೈ ನಡುಗಿ, ಜಾಬಿನ ಮೇಲೆ ಸಾಲು ಸಾಲು ಗೆರೆ ಬೀಳುತ್ತದೆ. ಅದೇ ಟೂಲು, ಅದೇ ಸ್ಪೀಡು, ಭಾರದ ಮಷೀನಿನಲ್ಲಿ ಒಂದೇ ಸುರುಳಿಯಾಗಿ ಕಬ್ಬಿಣ ಸುಲಿದು ಬರುತ್ತದೆ.

ತಿರುಗಿಸಿ ಕಡಿಯುವ ವಿದ್ಯೆ ನಮ್ಮ ಸೀಮೆಗೆ ಪರದೇಶದ್ದಲ್ಲ. ಬೇಲೂರಿನ ಚೆನ್ನಕೇಶವ ಗುಡಿ 1117ರದು. ಅದರ ನವರಂಗದ ಕಂಬಗಳ ಪಕ್ಕ ನಿಂತು ಓರೆಯಾಗಿ ಬೆಳಕು ಬೀಳುವ ಕಡೆಯಿಂದ ನೋಡಬೇಕು. ಗಂಟೆಯಾಕಾರದ ಉಬ್ಬು, ಅದರ ಮೇಲಿನ ಕತ್ತಿಯಂಚಿನ ಬಳೆಗಳು, ಸುತ್ತಲೂ ಒಂದೇ ಸಮನಾದ ಗೀರುಗಳು. ಬಳಪದ ಕಲ್ಲನ್ನು ತಿರುಗಿಸುತ್ತ ಕಡೆದ ಕಂಬಗಳಿವು ಎಂದು ಕಲಾ ಇತಿಹಾಸಕಾರರು ಹೇಳುತ್ತಾರೆ. ಗಣಿಯಿಂದ ಹೊಸದಾಗಿ ತೆಗೆದಾಗ ಆ ಕಲ್ಲು ಮೃದು, ಗಾಳಿಗೆ ಒಡ್ಡಿದ ಮೇಲೆ ಗಡುಸಾಗುತ್ತದೆ. ಲೇತಿನ ಮುಂದೆ ನಿಂತು ಕೆಲಸ ಮಾಡಿದವರು ಆ ಕಂಬಗಳನ್ನು ಬೇರೆ ಕಣ್ಣಿನಿಂದ ನೋಡುತ್ತಾರೆ. ಅಷ್ಟು ತೂಕದ ಕಲ್ಲಿಗೆ ಸೆಂಟರ್ ಹೇಗೆ ಕೊಟ್ಟರು, ಅದನ್ನು ಯಾವುದರ ಮೇಲೆ ಆನಿಸಿ ತಿರುಗಿಸಿದರು, ಉಳಿಯನ್ನು ಯಾವ ಆಸರೆಗೆ ಒತ್ತಿ ಹಿಡಿದರು ಎಂಬ ಪ್ರಶ್ನೆಗಳಲ್ಲೇ ನನಗೆ ಅಲ್ಲಿ ಹೊತ್ತು ಹೋಗುತ್ತದೆ. ಜೊತೆಯಲ್ಲಿ ಬಂದವರು ಮದನಿಕೆಯರನ್ನು ನೋಡಿ ಮುಗಿಸಿ ಹೊರಗೆ ಕಾಯುತ್ತಿರುತ್ತಾರೆ.

ಚನ್ನಪಟ್ಟಣದಲ್ಲಿ ಈ ವಿದ್ಯೆ ಇಂದಿಗೂ ಹೊಟ್ಟೆ ತುಂಬಿಸುತ್ತಿದೆ. ಆಲೆಮರದ ತುಂಡು ತಿರುಗುತ್ತಿರುವಾಗ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದರೆ ಉಜ್ಜುವ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತುತ್ತದೆ, ತಾಳೆಗರಿಯಿಂದ ಒತ್ತಿದರೆ ಹೊಳಪು ಬರುತ್ತದೆ. ಅಲ್ಲಿ ಉಳಿ ಇರುವುದು ಕುಶಲಕರ್ಮಿಯ ಕೈಯಲ್ಲಿ. ನಾವು ಲೋಹಕ್ಕೆ ಬಳಸುವ ಲೇತಿನಲ್ಲಿ ಉಳಿಯನ್ನು ಕೈಯಿಂದ ಬಿಡಿಸಿ ಕಬ್ಬಿಣದ ಜಾರುಹಲಗೆಗೆ ಬಿಗಿದಿದ್ದಾರೆ. 1800ರ ಸುಮಾರಿಗೆ ಲಂಡನ್ನಿನ ಹೆನ್ರಿ ಮಾಡ್ಸ್‌ಲಿ ಇಂಥ ಸ್ಲೈಡ್ ರೆಸ್ಟ್, ಅದನ್ನು ಉದ್ದಕ್ಕೆ ನಡೆಸುವ ಲೀಡ್ ಸ್ಕ್ರೂ, ಬದಲಿಸಬಲ್ಲ ಗಿಯರುಗಳನ್ನು ಒಂದೇ ಗಟ್ಟಿ ಲೋಹದ ಮಷೀನಿನಲ್ಲಿ ಕೂಡಿಸಿದ. ಒಂದೇ ಅಳತೆಯ ಸ್ಕ್ರೂಗಳನ್ನು ಮತ್ತೆ ಮತ್ತೆ ತೆಗೆಯುವುದು ಅದರಿಂದ ಸಾಧ್ಯವಾಯಿತು. ಅವನ ಕಾರ್ಖಾನೆಯಲ್ಲಿ ಪಳಗಿದ ಜೋಸೆಫ್ ವಿಟ್‌ವರ್ತ್ 1841ರಲ್ಲಿ ಸ್ಕ್ರೂ ಥ್ರೆಡ್ಡಿಗೆ 55 ಡಿಗ್ರಿಯ ಕೋನ ಕೊಟ್ಟು ಒಂದು ಮಟ್ಟ ನಿಗದಿ ಮಾಡಿದ. ನಮ್ಮ ಊರುಗಳ ಹಳೆಯ ಪಂಪು, ಹಳೆಯ ಗಿರಣಿ ಬಿಚ್ಚಿದರೆ ಆ ಥ್ರೆಡ್ಡುಗಳು ಈಗಲೂ ಸಿಗುತ್ತವೆ.

ಕರ್ನಾಟಕದ ಪಾಲೂ ಸಣ್ಣದಲ್ಲ. ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಕಂಪನಿ ಶುರುವಾದದ್ದು 1941ರಲ್ಲಿ. ಅಲ್ಲಿಂದ ಹೊರಟ ಲೇತುಗಳು ದೇಶದ ಎಷ್ಟೋ ವರ್ಕ್‌ಶಾಪುಗಳಲ್ಲಿ ಕಂಪನಿ ಹೋದ ಮೇಲೂ ತಿರುಗುತ್ತಿವೆ. ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಸಹಯೋಗದಲ್ಲಿ 1953ರಲ್ಲಿ ಜಾಲಹಳ್ಳಿಯಲ್ಲಿ ಹುಟ್ಟಿದ ಎಚ್‌ಎಂಟಿಯನ್ನು ಜನ ಗಡಿಯಾರದಿಂದ ನೆನೆಯುತ್ತಾರೆ. ಆದರೆ ಗಡಿಯಾರ ಬಂದದ್ದು 1961ರ ಸುಮಾರಿಗೆ, ಅದಕ್ಕೆ ಮೊದಲು ಅಲ್ಲಿ ಮಾಡಿದ್ದು ಲೇತು. ಎಚ್‌ಎಂಟಿಯ ಎಚ್22 ಲೇತಿನ ಮೇಲೆ ಕಲಿತವರು ಇವತ್ತು ಬೆಂಗಳೂರಿನ ಬಡಾವಣೆಗಳಲ್ಲಿ ಬೆಳಗಿನ ವಾಕಿಂಗ್ ಮಾಡುವ ಹಿರಿಯರಾಗಿದ್ದಾರೆ. ಕಂಪ್ಯೂಟರ್ ಓಡಿಸುವ ಸಿಎನ್‌ಸಿ ಮಷೀನು ಬಂದ ಮೇಲೆ ಅವರು ಕೈಯಲ್ಲಿ ಓಡಿಸುತ್ತಿದ್ದ ಮಷೀನುಗಳು ಕಾರ್ಖಾನೆಗಳಿಂದ ಹೊರಬೀಳುತ್ತಿವೆ. ಮನೆಯಲ್ಲಿ ಲೇತ್ ಇಡಬೇಕೆನ್ನುವವರಿಗೆ ಇಂಥ ಕಾಲ ಮತ್ತೆ ಬಾರದು.

ನಾನು ಕೊನೆಗೆ ತಂದದ್ದು ಪಂಜಾಬಿನ ಬಟಾಲಾದಲ್ಲಿ ಮಾಡಿದ ನಾಲ್ಕೂವರೆ ಅಡಿಯ ಕೋನ್ ಪುಲ್ಲಿ ಲೇತ್. ಲೇತನ್ನು ನೆಲಮಹಡಿಯಲ್ಲಿ, ಗಟ್ಟಿ ಕಾಂಕ್ರೀಟಿನ ಮೇಲೆಯೇ ಇಡಬೇಕು. ಸಾಗಿಸುವಾಗ ಹೆಡ್‌ಸ್ಟಾಕಿನ ಕಡೆಯೇ ಹೆಚ್ಚು ಭಾರವೆಂದು, ತಲೆಭಾರದ ಈ ಮಷೀನು ವಾಲಿದರೆ ಉರುಳುತ್ತದೆಂದು ಹಮಾಲರಿಗೆ ಮೊದಲೇ ಹೇಳಬೇಕು. ಪೈಪುಗಳ ಮೇಲೆ ಉರುಳಿಸಿ, ಹಾರೆಯಿಂದ ಮೀಟಿ ಒಳಗೆ ತರುತ್ತಾರೆ. ಕರೆಂಟಿನ ಚಿಂತೆ ಈಗ ಅಷ್ಟಿಲ್ಲ. ಮನೆಯ ಸಿಂಗಲ್ ಫೇಸಿನಿಂದಲೇ ತ್ರೀ ಫೇಸ್ ಮೋಟಾರ್ ಓಡಿಸುವ ಡ್ರೈವುಗಳಿವೆ. ಎರಡು ಎಚ್‌ಪಿ ಅಂದರೆ ಸುಮಾರು ಒಂದೂವರೆ ಕಿಲೋವ್ಯಾಟ್, ಒಂದು ಗೀಸರಿಗಿಂತ ಕಡಿಮೆ. ಇಟ್ಟ ಮೇಲೆ ಲೆವೆಲ್ ಮಾಡುವುದಕ್ಕೆ ಮಾತ್ರ ಅವಸರ ಕೂಡದು. ಮೀಟರಿಗೆ 0.02 ಮಿಲಿಮೀಟರ್ ತೋರಿಸುವ ಸ್ಪಿರಿಟ್ ಲೆವೆಲ್ಲನ್ನು ಬೆಡ್ಡಿನ ಎರಡೂ ತುದಿಗೆ ಅಡ್ಡಲಾಗಿ ಇಟ್ಟು ನೋಡಬೇಕು. ಬೆಡ್ ತಿರುಚಿಕೊಂಡಿದ್ದರೆ ಎಷ್ಟು ಒಳ್ಳೆಯ ಲೇತೇ ಆಗಲಿ, ನೇರ ಸಲಾಕೆ ಬಿಟ್ಟು ಒಂದು ತುದಿಗೆ ಕಿರಿದಾಗುವ ಟೇಪರ್ ಕೊಡುತ್ತದೆ.

ಲೇತಿಗೆ ಕೊಟ್ಟಷ್ಟೇ ದುಡ್ಡನ್ನು ಅದರ ಸುತ್ತಲಿನ ಸಾಮಾನಿಗೆ ತೆಗೆದಿಡಬೇಕು. ನಾಲ್ಕು ದವಡೆಯ ಚಕ್, ರಿವಾಲ್ವಿಂಗ್ ಸೆಂಟರ್, ಮೈಕ್ರೋಮೀಟರ್, ಡಯಲ್ ಗೇಜ್ ಮತ್ತು ಅದರ ಮ್ಯಾಗ್ನೆಟಿಕ್ ಸ್ಟ್ಯಾಂಡ್, ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಟೂಲ್ ಬಿಟ್ಟುಗಳು. ಬೆಂಗಳೂರಿನ ಎಸ್‌ಜೆಪಿ ರಸ್ತೆಯಲ್ಲಿ ಎಲ್ಲ ಸಿಗುತ್ತದೆ. ಟೂಲನ್ನು ಗ್ರೈಂಡಿಂಗ್ ಕಲ್ಲಿನ ಮೇಲೆ ನಾವೇ ಸಾಣೆ ಹಿಡಿಯುವುದನ್ನು ಕಲಿಯಬೇಕು. ಕಾರ್ಬೈಡ್ ತುದಿಗಳು ಅನುಕೂಲ ನಿಜ, ಆದರೆ ಮನೆಯ ಲೇತಿನ ನಿಧಾನಕ್ಕೆ ಚೆನ್ನಾಗಿ ಸಾಣೆ ಹಿಡಿದ ಎಚ್‌ಎಸ್‌ಎಸ್ಸೇ ಮೇಲು. ಮೈಲ್ಡ್ ಸ್ಟೀಲನ್ನು ಅದರಿಂದ ನಿಮಿಷಕ್ಕೆ 25 ಮೀಟರಿನ ವೇಗದಲ್ಲಿ ಕಡಿಯಬಹುದು. 25 ಮಿಲಿಮೀಟರ್ ದಪ್ಪದ ಸಲಾಕೆಗೆ ಅದು ನಿಮಿಷಕ್ಕೆ 320 ಸುತ್ತಿನ ಆಸುಪಾಸು. ಹಿತ್ತಾಳೆಯಾದರೆ ಇನ್ನೂ ಜೋರಾಗಿ ಓಡಿಸಬಹುದು, ಅದು ಸುರುಳಿಯಾಗುವುದಿಲ್ಲ, ರಾಗಿ ಚೆಲ್ಲಿದ ಹಾಗೆ ಉದುರುತ್ತದೆ.

ನಮ್ಮ ಮನೆಯ ಶಾವಿಗೆ ಒತ್ತುವ ಒರಳಿನ ಸ್ಕ್ರೂ ಸವೆದು, ಒತ್ತಿದಾಗ ಜಾರುತ್ತಿತ್ತು. ಅಳೆದು ನೋಡಿದರೆ ಇಂಚಿಗೆ ಐದು ಥ್ರೆಡ್ಡಿನ ಚೌಕ ಥ್ರೆಡ್. ನನ್ನ ಲೇತಿನ ಲೀಡ್ ಸ್ಕ್ರೂ ಇಂಚಿಗೆ ನಾಲ್ಕರದು. ಹಾಗಾಗಿ ಸ್ಪಿಂಡಲ್ ಕಡೆಗೆ ನಲವತ್ತು ಹಲ್ಲಿನ ಗಿಯರ್, ಲೀಡ್ ಸ್ಕ್ರೂ ಕಡೆಗೆ ಐವತ್ತರದು ಹಾಕಿದರೆ ಆಯಿತು. ಇಂಥ ಲೇತಿನ ಮೇಲೆ ಮಿಲಿಮೀಟರಿನ ಥ್ರೆಡ್ ಬೇಕೆಂದರೆ ಮಾತ್ರ 127 ಹಲ್ಲಿನ ಗಿಯರು ಬೇಕು. ಇಂಚಿಗೆ ಸರಿಯಾಗಿ 25.4 ಮಿಲಿಮೀಟರ್. ಅದನ್ನು ಐದರಿಂದ ಗುಣಿಸಿದರೆ 127. ಅದಕ್ಕಿಂತ ಚಿಕ್ಕ ಪೂರ್ಣಸಂಖ್ಯೆಯಲ್ಲಿ ಈ ಎರಡು ಅಳತೆಗಳು ಪೂರ್ತಿಯಾಗಿ ಕೂಡುವುದಿಲ್ಲ. ಸ್ಪಿಂಡಲ್ ಕಡೆಯ ನಲವತ್ತರ ಗಿಯರಿನೊಡನೆ ಲೀಡ್ ಸ್ಕ್ರೂ ಕಡೆಗೆ 127ರದನ್ನು ಹಾಕಿದರೆ ಎರಡು ಮಿಲಿಮೀಟರಿನ ಪಿಚ್ ಕೂದಲೆಳೆಯ ತಪ್ಪಿಲ್ಲದೆ ಬರುತ್ತದೆ. ಶಾಲೆಯಲ್ಲಿ ಲ.ಸಾ.ಅ. ಕಲಿಯುವ ಮಕ್ಕಳಿಗೆ ಈ ಗಿಯರನ್ನು ಕೈಗೆ ಕೊಟ್ಟು ತೋರಿಸಬೇಕೆಂದು ನನಗೆ ಬಹಳ ದಿನದ ಆಸೆ. ಚೌಕ ಥ್ರೆಡ್ಡಿಗೆ ಟೂಲನ್ನು ತೆಳ್ಳಗೆ ಸಾಣೆ ಹಿಡಿದು, ಬ್ಯಾಕ್ ಗಿಯರಿನಲ್ಲಿ ನಿಧಾನಕ್ಕೆ ಓಡಿಸಿ, ಎಣ್ಣೆ ಬಿಡುತ್ತ ಸ್ವಲ್ಪ ಸ್ವಲ್ಪವೇ ಇಳಿಸಬೇಕು. ಆ ಒರಳು ನನ್ನ ಅಜ್ಜಿಯ ತವರಿನಿಂದ ಬಂದದ್ದು. ಹೊಸ ಸ್ಕ್ರೂ ಹಾಕಿಕೊಂಡು ಈಗ ಹಬ್ಬಕ್ಕೆ ಶಾವಿಗೆ ಒತ್ತುತ್ತಿದೆ. ಬೆಲೆಯ ಲೆಕ್ಕದಲ್ಲಿ ಹೊಸ ಒರಳು ಅಗ್ಗವೇ, ಆದರೆ ಆ ಬೀಡಿನ ಎರಕ ಈಗ ಎಲ್ಲಿ ಸಿಗುತ್ತದೆ?

ಲೇತ್ ದುಂಡಗಿನದನ್ನು ಮಾಡುತ್ತದೆ. ಚಪ್ಪಟೆ ಮುಖ, ಕೀವೇ, ತೋಡು ಬೇಕಾದಾಗ ಮಿಲ್ಲಿಂಗ್ ಮಷೀನಿನ ಆಸೆ ಶುರುವಾಗುತ್ತದೆ. ಎಚ್‌ಎಂಟಿಯ ಎಫ್‌ಎನ್2 ಅಪ್ಪಟ ಮಷೀನು, ಆದರೆ ಟನ್ನುಗಟ್ಟಲೆ ತೂಗುವ ಅದಕ್ಕೆ ಸಾಧಾರಣ ಮನೆಯ ಬಾಗಿಲು ಸಾಲದು. ಮನೆಗೆ ಸಣ್ಣ ವರ್ಟಿಕಲ್ ಮಿಲ್ ಸಾಕು. ಅದೂ ಕೂಡದಿದ್ದರೆ ಲೇತಿನ ಕ್ರಾಸ್ ಸ್ಲೈಡಿಗೇ ಮಿಲ್ಲಿಂಗ್ ಅಟ್ಯಾಚ್‌ಮೆಂಟ್ ಕೂರಿಸಿ, ಕಟ್ಟರನ್ನು ಸ್ಪಿಂಡಲ್ಲಿಗೆ ಹಿಡಿಸಿ ಸಣ್ಣ ಕೆಲಸ ತೆಗೆಯಬಹುದು. ಡ್ರಿಲ್ಲಿಂಗ್ ಮಷೀನಿಗೆ ಎಂಡ್ ಮಿಲ್ ಹಾಕಿ ಮಿಲ್ಲಿಂಗ್ ಮಾಡುವುದನ್ನು ಮಾತ್ರ ಯಾರೂ ಮಾಡಬಾರದು. ಡ್ರಿಲ್ ಚಕ್ ಬರಿಯ ಟೇಪರಿನ ಹಿಡಿತದಲ್ಲಿ ನಿಂತಿರುತ್ತದೆ, ಪಕ್ಕದ ಒತ್ತಡಕ್ಕೆ ಅದು ಕಳಚಿ ತಿರುಗುತ್ತಲೇ ಕೆಳಗೆ ಬೀಳುತ್ತದೆ. ಟೇಬಲ್ಲಿನ ಸ್ಕ್ರೂನಲ್ಲಿ ಸಡಿಲವಿರುವ ಹಳೆಯ ಮಿಲ್ಲಿನಲ್ಲಿ ಕಟ್ಟರ್ ತಿರುಗುವ ದಿಕ್ಕಿಗೆ ಎದುರಾಗಿಯೇ ಜಾಬನ್ನು ಊಡಬೇಕು. ಜೊತೆಗೆ ಒಯ್ದರೆ ಕಟ್ಟರು ಟೇಬಲ್ಲನ್ನು ತನ್ನೆಡೆಗೆ ಎಳೆದುಕೊಂಡು ಮುರಿಯುತ್ತದೆ.

ಅಪಾಯದ ಮಾತನ್ನು ನಾನು ಮೆಲ್ಲಗೆ ಹೇಳುವವನಲ್ಲ. ತಿರುಗುವ ಮಷೀನಿನ ಮುಂದೆ ಕೈಗವಸು, ತುಂಬು ತೋಳಿನ ಅಂಗಿ, ಪಂಚೆ, ದುಪಟ್ಟಾ, ಕತ್ತಿನ ಸರ, ಉಂಗುರ, ಬಿಚ್ಚಿದ ಜಡೆ ಯಾವುದೂ ಇರಕೂಡದು. ಚಕ್ಕಿನ ಕೀಲಿಯಿಂದ ಕೈ ಬಿಡುವುದಾದರೆ ಕೀಲಿ ಚಕ್ಕಿನಿಂದ ಹೊರಗೆ ಬಂದಿರಬೇಕು. ಸುರುಳಿಯನ್ನು ಕೈಯಿಂದ ಎಳೆಯಬಾರದು, ಕೊಕ್ಕೆಯಿಂದ ಎಳೆಯಬೇಕು, ಅದೂ ಮಷೀನು ನಿಂತ ಮೇಲೆ. ಕನ್ನಡಕ ಹಾಕದವರು ಶೆಡ್ಡಿನೊಳಗೆ ಬರುವುದೇ ಬೇಡ. ನಿದ್ದೆಗಣ್ಣಿನಲ್ಲಿ, ಸಿಟ್ಟಿನಲ್ಲಿ, ಅವಸರದಲ್ಲಿ ಸ್ವಿಚ್ ಹಾಕಬಾರದು.

ನಿಮ್ಮ ಊರಿನಲ್ಲಿ ಯಾವುದೋ ಹಳೆಯ ವರ್ಕ್‌ಶಾಪ್ ಬಾಗಿಲು ಹಾಕುತ್ತಿದೆ, ಮಷೀನುಗಳನ್ನು ಗುಜರಿಯವರು ಕಿಲೋ ಲೆಕ್ಕದಲ್ಲಿ ಕೇಳುತ್ತಿದ್ದಾರೆ ಎಂದು ಕಿವಿಗೆ ಬಿದ್ದರೆ, ಅವನ್ನು ಲಾರಿಗೆ ಏರಿಸುವ ಮುಂಚೆ ಒಮ್ಮೆ ಹೋಗಿ ನೋಡಿ. ಪಕ್ಕದ ಬೀದಿಯಲ್ಲಿ ನಿವೃತ್ತ ಟರ್ನರ್ ಒಬ್ಬರು ಇದ್ದೇ ಇರುತ್ತಾರೆ, ಅವರನ್ನು ಕರೆದುಕೊಂಡು ಹೋಗಿ. ಕ್ಯಾರೇಜನ್ನು ಚಕ್ ಪಕ್ಕದಿಂದ ಟೇಲ್‌ಸ್ಟಾಕಿನವರೆಗೆ ಅವರೇ ಒಯ್ದು ನೋಡಲಿ. ಅವರು ಸರಿ ಎಂದರೆ ಕೊಂಡುಬಿಡಿ, ಕೆಲಸವನ್ನೂ ಅವರಿಂದಲೇ ಕಲಿಯಿರಿ.